ಬರಿಗಾಲ ಓಟದಿಂದ ಟ್ರಯಥ್ಲಾನಿನವರೆಗೆ: ಪುಣೆಯ ಕ್ರೀಡಾಬಳಗಗಳ ಕಥನ

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ನಡೆಸಿದ ಕ್ರೀಡಾಕೂಟವನ್ನು, ಆ ಸಂಸ್ಥೆಯ ಅಧ್ಯಕ್ಷರಾಗಿ ಆಗತಾನೆ ಚುನಾಯಿತರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು ನೋಡಲು ಬಂದಾಗ ಅವರು ಕಂಡದ್ದು, ಹೊಲಗಳಲ್ಲಿ ದುಡಿದು ಒಣರೊಟ್ಟಿ ತಿಂದು ಬೆಳೆದ ಹುಡುಗರು, ಕಾಲಿಗೆ ಏನನ್ನೂ ತೊಡದೆ, ಶಾಸ್ತ್ರೀಯವಾದ ಶಿಕ್ಷಣದ ಗಂಧವೂ ಇಲ್ಲದೆ, ಮೈಲಿಗಟ್ಟಲೆ ದಾರಿಯನ್ನು ಓಡಿ ಮುಗಿಸುತ್ತಿದ್ದ ದೃಶ್ಯವನ್ನು. ನೂರು ಗಜದ ಓಟವನ್ನು ಕೂಡ ಆ ಇಕ್ಕಟ್ಟಾದ ಮೈದಾನದಲ್ಲಿ ತಿರುವಿನ ಮೇಲೆ ಓಡಿಸುತ್ತಿದ್ದರು. ಆದರೆ ದೂರದ ಓಟಗಳ ಕಾಲಮಾನವನ್ನು ಗಡಿಯಾರ ಹಿಡಿದು ನೋಡಿದಾಗ, ಅದು ಯುರೋಪಿನ ಓಟಗಾರರ ಕಾಲಮಾನಕ್ಕೆ ಹೋಲಿಸಬಹುದಾದಷ್ಟು ಉತ್ತಮವಾಗಿದ್ದಿತು. ಭಾರತದಿಂದ ಒಲಿಂಪಿಕ್ ಕ್ರೀಡೆಗಳಿಗೆ ಒಂದು ತಂಡವನ್ನು ಕಳುಹಿಸಬೇಕೆಂಬ ಸಂಕಲ್ಪ ಮೂಡಿದುದು ಆ ಹೊತ್ತಿನಲ್ಲಿ. ಮರುವರ್ಷ, ಅಂದರೆ 1920ರ ಆಗಸ್ಟಿನಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಮ್ಯಾರಥಾನ್ ಓಡಿದ ಭಾರತೀಯರಲ್ಲಿ ಒಬ್ಬನು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. 42.75 ಕಿಲೋಮೀಟರಿನ ಆ ದಾರಿಯನ್ನು ಎರಡು ಗಂಟೆ ಐವತ್ತು ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಮುಗಿಸಿ ಅವನು ಹತ್ತೊಂಬತ್ತನೆಯವನಾಗಿ ಬಂದನು.

ಈ ಸ್ಮರಣ ಸಂಚಿಕೆಗೆ ಪುಣೆಯ ಟ್ರಯಥ್ಲಾನ್ ಬಳಗಗಳನ್ನು ಕುರಿತು ಬರೆಯಬೇಕೆಂದು ಸಂಪಾದಕರು ಕೇಳಿದಾಗ ನಾನು ಚೌಗುಲೆಯಿಂದ ಆರಂಭಿಸಿದುದಕ್ಕೆ ಕಾರಣವುಂಟು. ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ಒಂದೇ ದಿನ ಒಂದರ ಬೆನ್ನಿಗೊಂದರಂತೆ ಮಾಡುವ ಕ್ರೀಡೆ ಹೊಸದು. ಆದರೆ ಅದನ್ನು ಈ ಊರಿನಲ್ಲಿ ಹೊತ್ತು ನಿಂತಿರುವ ಸಂಘಜೀವನ ಹಳೆಯದು. ಚೌಗುಲೆಯ ಕಾಲಿನ ಬಲ ಹುಟ್ಟಿನಿಂದ ಬಂದುದಾಗಿರಬಹುದು, ಬೆಳಗಾವಿಯ ಕೆಂಪು ನೆಲದಿಂದ ಬಂದುದಾಗಿರಬಹುದು. ಜಿಮ್ಖಾನಾ ಅವನಿಗೆ ಒದಗಿಸಿದುದು ಅಳತೆ ಮಾಡಿದ ದೂರ, ಸರಿಯಾದ ಗಡಿಯಾರ, ಎಲ್ಲರಿಗೂ ಒಂದೇ ಆದ ನಿಯಮ ಮತ್ತು ಹಡಗಿನ ಪ್ರಯಾಣಕ್ಕೆ ಬೇಕಾದ ಹಣವನ್ನು ಕೂಡಿಸಬಲ್ಲ ಹಿರಿಯರ ಬೆಂಬಲ. ಒಂದು ಕ್ರೀಡಾಸಂಸ್ಥೆ ತನ್ನ ಸದಸ್ಯನಿಗೆ ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಸಾಧನವೆಂದರೆ ಅಳತೆಯೇ ಎಂಬುದು ನನ್ನ ದೃಢವಾದ ನಂಬಿಕೆ. ಮುಂದೆ ಬೂಟಿನ ವಿಚಾರ, ಸೈಕಲ್ಲಿನ ವಿಚಾರ, ಈಜುವಾಗ ತೊಡುವ ಗಾಗಲ್ಸಿನ ವಿಚಾರವನ್ನು ಎತ್ತಿಕೊಂಡಾಗಲೂ ಈ ಮಾತಿಗೇ ಮರಳಿ ಬರುತ್ತೇನೆ.

ಡೆಕ್ಕನ್ ಜಿಮ್ಖಾನಾ ಸ್ಥಾಪಿತವಾದುದು 1906ರಲ್ಲಿ. ದಂಡಿನ ಪ್ರದೇಶದ ಗೋರಾ ಜನರ ಕ್ಲಬ್ಬುಗಳು ತಮ್ಮ ಹುಲ್ಲುಹಾಸಿನ ಮೇಲೆ ತಾವೇ ಆಡಿಕೊಂಡಿದ್ದ ಕಾಲದಲ್ಲಿ, ಮುಠಾ ನದಿಯ ಈಚೆಯ ದಡದಲ್ಲಿ, ಫರ್ಗುಸನ್ ಕಾಲೇಜಿನ ಗುಡ್ಡದಿಂದ ಅನತಿದೂರದಲ್ಲಿ, ದೇಶೀಯ ಆಟಗಳಿಗೂ ಪರದೇಶದ ಆಟಗಳಿಗೂ ಸಮಾನವಾದ ಸ್ಥಳವನ್ನು ಕೊಡುವ ಸಂಸ್ಥೆಯೊಂದು ತಲೆಯೆತ್ತಿತು; ಕಾಲಕ್ರಮದಲ್ಲಿ ಆ ಬಡಾವಣೆಗೇ ಅದರ ಹೆಸರು ನಿಂತುಹೋಯಿತು. ಹಳ್ಳಿಗೊಂದು ಬಗೆಯಾಗಿ ಆಡುತ್ತಿದ್ದ ಖೋ ಖೋ ಆಟಕ್ಕೆ 1914ರಲ್ಲಿ ನಿಯಮಾವಳಿಯನ್ನು ರಚಿಸಿದ ಕೀರ್ತಿ ಈ ಸಂಸ್ಥೆಗೇ ಸಲ್ಲಬೇಕು. ಅಂಗಳದ ಉದ್ದವೆಷ್ಟು, ಕಂಬಗಳ ಅಂತರವೆಷ್ಟು, ಒಂದು ಸರದಿಯ ಅವಧಿಯೆಷ್ಟು ಎಂಬುದನ್ನು ನಾಲ್ವರು ಕುಳಿತು ಗೊತ್ತುಮಾಡಿ ಕಾಗದಕ್ಕೆ ಇಳಿಸಿದ ದಿನ, ಓಣಿಯ ಆಟವು ದೇಶದ ಆಟವಾಯಿತು. ಇಂದಿಗೂ ಬೆಳಗಿನ ಜಾವದಲ್ಲಿ ಅದರ ಟಿಳಕ್ ಟ್ಯಾಂಕಿನ ಹಸಿರು ನೀರಿನಲ್ಲಿ ತಲೆಮಾರುಗಳಿಂದ ಈಜುತ್ತ ಬಂದ ಮನೆತನಗಳ ಮಕ್ಕಳನ್ನು ಕಾಣಬಹುದು. ಅಜ್ಜ ಕಲಿತ ಮೆಟ್ಟಿಲಿನಿಂದಲೇ ಮೊಮ್ಮಗಳು ನೀರಿಗೆ ಇಳಿಯುವುದು ಅಲ್ಲಿ ಅಪರೂಪದ ಸಂಗತಿಯಲ್ಲ.

ಆ ಕಾಲಕ್ಕೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ನಮ್ಮವರಿಗೆ ಪುಣೆ ಪರಸ್ಥಳವೆನಿಸಿರಲಿಲ್ಲ. ಬೇಂದ್ರೆಯವರು ಫರ್ಗುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದುದು ಎಲ್ಲರಿಗೂ ತಿಳಿದುದೇ. ಅದಕ್ಕೂ ಬಹಳ ಹಿಂದೆ, 1883ರಲ್ಲಿ, ಇಲ್ಲಿಯ ವಿಜ್ಞಾನ ಕಾಲೇಜಿನಿಂದ ಎಂಜಿನಿಯರಾಗಿ ಹೊರಬಂದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಹೆಸರನ್ನು ಇಲ್ಲಿ ತಂದುದು ಅಭಿಮಾನದ ಅಲಂಕಾರಕ್ಕಾಗಿ ಅಲ್ಲ. ಪುಣೆಯ ಸೈಕಲ್ ಸವಾರರು ಭಾನುವಾರದ ಬೆಳಗು ಯಾವ ದಂಡೆಯ ಬಳಿ ಚಹಾಕ್ಕೆ ನಿಲ್ಲುತ್ತಾರೆಯೋ ಆ ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ, ನೀರಿನ ಒತ್ತಡಕ್ಕೆ ತಾವಾಗಿಯೇ ತೆರೆದುಕೊಂಡು ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರಚಿಸಿದವರು ಅವರೇ. ಪಾನಶೇತದ ಅಣೆಕಟ್ಟು ಒಡೆದ 1961ರ ಜುಲೈ 12ರ ಪ್ರಳಯದಲ್ಲಿ ಹಳೆಯ ಖಡಕವಾಸಲಾ ಕಟ್ಟೆಯೂ ಒಡೆದುಹೋಯಿತೆಂಬುದನ್ನು ನೆನೆದಾಗ ಮನಸ್ಸಿಗೆ ನೋವಾಗುತ್ತದೆ. ಆದರೂ ಆ ದಾರಿಯಲ್ಲಿ ಸಾಗುವ ಹೊಸ ಸದಸ್ಯರಿಗೆ ನಾನು ಈ ವಿಷಯವನ್ನು ಹೇಳದೆ ಬಿಟ್ಟವನಲ್ಲ.

ಸೈಕಲ್ಲಿನ ಊರೆಂದು ಪುಣೆ ಹೆಸರಾದುದು ಬಹುಕಾಲದ ಹಿಂದೆ. ಪೇಠೆಗಳ ಇಕ್ಕಟ್ಟಿನ ಬೀದಿಗಳಲ್ಲಿ ಗುಮಾಸ್ತರು, ಮೇಷ್ಟರು, ಹಾಲಿನವರು, ಕಾಲೇಜಿನ ಹೆಣ್ಣುಮಕ್ಕಳು ಎಲ್ಲರೂ ಸೈಕಲ್ಲಿನ ಮೇಲೆಯೇ ಓಡಾಡಿದರು. ಮುಂಬಯಿಯಿಂದ ಪುಣೆಗೆ ನಡೆಯುತ್ತಿದ್ದ ಸೈಕಲ್ ಪಂದ್ಯದಲ್ಲಿ ಖೋಪೋಲಿಯಿಂದ ಖಂಡಾಳಾಕ್ಕೆ ಏರುವ ಬೋರ್ ಘಾಟನ್ನು ಮೊದಲು ಹತ್ತಿದವನಿಗೆ ಘಾಟಿನ ರಾಜನೆಂಬ ಬಿರುದು ದೊರೆಯುತ್ತಿದ್ದಿತು. ಒಟ್ಟು ಪಂದ್ಯವನ್ನು ಗೆದ್ದವನಿಗಿಂತ ಅವನ ಹೆಸರೇ ಜನರ ಬಾಯಲ್ಲಿ ಹೆಚ್ಚು ಕಾಲ ಉಳಿಯುತ್ತಿದ್ದುದುಂಟು. ವಿಜಯಪುರ, ಬಾಗಲಕೋಟೆಯ ಕಡೆಯ ನಮ್ಮ ಹುಡುಗರು ಸೈಕಲ್ ಪಂದ್ಯಗಳಲ್ಲಿ ಪಡೆದಿರುವ ಕೀರ್ತಿಯೂ ಕಡಿಮೆಯದಲ್ಲ. ಓಟದ ವಿಷಯದಲ್ಲಿ 1983ರಲ್ಲಿ ಆರಂಭವಾದ ಪುಣೆ ಅಂತರರಾಷ್ಟ್ರೀಯ ಮ್ಯಾರಥಾನ್ ದೂರದ ಓಟವನ್ನು ಬೀದಿಯ ಉತ್ಸವವನ್ನಾಗಿ ಮಾಡಿತು. ಅದನ್ನು ಕಟ್ಟಿದ ಸುರೇಶ ಕಲ್ಮಾಡಿಯವರ ತಂದೆ ಡಾ. ಕಲ್ಮಾಡಿ ಶಾಮರಾಯರ ಹೆಸರನ್ನು ಪುಣೆಯ ಕನ್ನಡ ಸಂಘದ ಶಾಲೆ ಇಂದಿಗೂ ಹೊತ್ತಿದೆ. 1994ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಬಾಲೇವಾಡಿಯಲ್ಲಿ ಎದ್ದ ಶಿವಛತ್ರಪತಿ ಕ್ರೀಡಾಸಂಕುಲದಿಂದ ಐವತ್ತು ಮೀಟರಿನ ಕೊಳವೂ ದೊರಕಿತು. ಹೀಗೆ ಮೂರು ವಿದ್ಯೆಗಳೂ ಈ ಊರಿನಲ್ಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆಯುತ್ತಿದ್ದುವು; ಅವುಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವವರು ಬರಬೇಕಾಗಿದ್ದಿತು.

ಆ ಸಂಯೋಗ ಇಂದಿನ ಹೆಸರಿನಿಂದ ಮೊದಲು ನಡೆದುದು ದೂರದ ಕ್ಯಾಲಿಫೋರ್ನಿಯದಲ್ಲಿ. ಸ್ಯಾನ್ ಡಿಯಾಗೋದ ಓಟಗಾರರ ಸಂಘವೊಂದು 1974ರ ಸೆಪ್ಟೆಂಬರ್ 25ರಂದು ಮಿಷನ್ ಬೇ ಎಂಬಲ್ಲಿ ಏರ್ಪಡಿಸಿದ ಸ್ಪರ್ಧೆಗೆ ಟ್ರಯಥ್ಲಾನ್ ಎಂಬ ಹೆಸರು ಬಿದ್ದಿತು. ನಾಲ್ಕು ವರ್ಷಗಳ ಮೇಲೆ, 1978ರ ಫೆಬ್ರವರಿ 18ರಂದು, ಹವಾಯಿ ದ್ವೀಪಸ್ತೋಮದ ಓಆಹೂವಿನಲ್ಲಿ, ಈಜುಗಾರನು ಹೆಚ್ಚೋ ಸೈಕಲ್ ಸವಾರನು ಹೆಚ್ಚೋ ಓಟಗಾರನು ಹೆಚ್ಚೋ ಎಂಬ ಗೆಳೆಯರ ವಾದವನ್ನು ತೀರ್ಮಾನಿಸಲು ಜಾನ್ ಕಾಲಿನ್ಸ್ ಮತ್ತು ಜೂಡಿ ಕಾಲಿನ್ಸ್ ದಂಪತಿಗಳು ಏರ್ಪಡಿಸಿದ ಐರನ್‌ಮನ್ ಸ್ಪರ್ಧೆಯಲ್ಲಿ ಹೊರಟವರು ಹದಿನೈದು ಜನ, ಮುಗಿಸಿದವರು ಹನ್ನೆರಡು ಜನ. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ ಎಂಬ ಅಳತೆ ಅಂದಿನಿಂದ ಸ್ಥಿರವಾಯಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 1.5, 40 ಮತ್ತು 10 ಕಿಲೋಮೀಟರುಗಳ ರೂಪದಲ್ಲಿ ಈ ಕ್ರೀಡೆಗೆ ಮನ್ನಣೆ ದೊರಕಿತು. ನಮ್ಮ ನಾಡಿನವರೂ ಹಿಂದೆ ಬೀಳಲಿಲ್ಲ: ಬೆಂಗಳೂರಿನ ಅನು ವೈದ್ಯನಾಥನ್ ಅವರು 2009ರಲ್ಲಿ ಕೆನಡಾದಲ್ಲಿ ಇದಕ್ಕಿಂತಲೂ ದುಸ್ತರವಾದ, ಮೂರು ದಿನಗಳ ಅಲ್ಟ್ರಾಮನ್ ಸ್ಪರ್ಧೆಯನ್ನು ಪೂರೈಸಿದರು. ಪುಣೆಯಲ್ಲಿ ಕೌಸ್ತುಭ ರಾಡಕರ್ ಅವರು, ರಾಷ್ಟ್ರಮಟ್ಟದ ಈಜುಗಾರರಾಗಿದ್ದವರು, ಐರನ್‌ಮನ್ ಸ್ಪರ್ಧೆಯನ್ನು ಅನೇಕ ಬಾರಿ ಮುಗಿಸಿದುದಲ್ಲದೆ ಇತರರಿಗೆ ಆ ದಾರಿಯನ್ನು ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಮೇಲೆ, ವೈದ್ಯರು, ಗೃಹಿಣಿಯರು, ಕಂಪ್ಯೂಟರ್ ಕಂಪನಿಗಳ ನೌಕರರು, ನಿವೃತ್ತ ಸೈನಿಕರು ಈ ಕ್ರೀಡೆಯ ಕಡೆಗೆ ತಿರುಗಿದರು. 2019ರ ಅಕ್ಟೋಬರ್ 20ರಂದು ಗೋವೆಯ ಮೀರಾಮಾರ್ ಕಡಲತೀರದಲ್ಲಿ ಅರ್ಧ ಅಳತೆಯ ಐರನ್‌ಮನ್ ನಡೆದಾಗ, ಪುಣೆಯವರಿಗೆ ಅದು ಮನೆಯ ಹಿತ್ತಿಲಿನಲ್ಲಿ ನಡೆದ ಜಾತ್ರೆಯಂತಾಯಿತು.

ಹೀಗೆ ಕೂಡಿದ ಬಳಗಗಳ ದಿನಚರಿಯನ್ನು ಹೊರಗಿನವರು ತಪಸ್ಸೆಂದು ಭಾವಿಸುವುದುಂಟು. ಒಳಗಿದ್ದವನಾಗಿ ನಾನು ಅದನ್ನು ಸಹವಾಸವೆಂದೇ ಕರೆಯುತ್ತೇನೆ. ಮಂಗಳವಾರ ಮತ್ತು ಗುರುವಾರ ಬೆಳಗಿನ ಐದೂವರೆಗೆ ಕೊಳ. ಬುಧವಾರ ವೇತಾಳ ಟೇಕಡಿಯ ಏರಿನಲ್ಲಿ ಓಟ. ಭಾನುವಾರ ಕತ್ತಲಿರುವಾಗಲೇ ಸೈಕಲ್ಲಿಗೆ ಹಿಂದೆ ಕೆಂಪು ದೀಪವನ್ನೂ ಮುಂದೆ ಬಿಳಿಯ ದೀಪವನ್ನೂ ಕಟ್ಟಿಕೊಂಡು ಸಿಂಹಗಡದ ರಸ್ತೆ ಹಿಡಿಯುವುದು. ಡೋಣಜೆಯ ಬಳಿ ಏರು ಆರಂಭವಾದೊಡನೆ ಮಾತು ನಿಲ್ಲುತ್ತದೆ, ಉಸಿರಿನ ಸದ್ದೊಂದೇ ಕೇಳುತ್ತದೆ. ಮೇಲೆ ತಲಪಿದ ಮೇಲೆ ಜೋಳದ ಭಾಕರಿ, ಪಿಠಲೆ, ಮಡಕೆಯಲ್ಲಿ ಹೆಪ್ಪು ಹಾಕಿದ ಮೊಸರು. ಉತ್ತರ ಕರ್ನಾಟಕದವನಿಗೆ ಆ ಭಾಕರಿ ಜುಣಕದ ರುಚಿ ತವರಿನ ರುಚಿಯೇ ಆದುದರಿಂದ ಅಲ್ಲಿ ಕನ್ನಡದ ಮಾತು ತಾನಾಗಿ ಹೊರಬರುತ್ತದೆ. ಮರಾಠಿಯ ಗೆಳೆಯರು ಕೂಡ ಹಿರಿಯರೊಬ್ಬರನ್ನು ನಮ್ಮಿಂದ ಕಲಿತು “ಅಜ್ಜಾರ” ಎಂದೇ ಕರೆಯುವುದುಂಟು. ಹಿಂದೆ ಬಿದ್ದವನಿಗಾಗಿ ಮುಂದಿನವರು ಕಾಯುವುದು ನಮ್ಮಲ್ಲಿ ಬರೆಯದ ನಿಯಮ. ಪಂಕ್ಚರ್ ಆದವನನ್ನು ಒಬ್ಬನನ್ನೇ ರಸ್ತೆಯ ಬದಿಯಲ್ಲಿ ಬಿಟ್ಟುಹೋದವರು ಮರುವಾರ ಹಿರಿಯರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.

ಹೊಸಬರು ಬಂದೊಡನೆ ಕೇಳುವ ಮೊದಲ ಪ್ರಶ್ನೆ ಒಂದೇ: “ಕಾಕಾ, ಏನೇನು ಕೊಳ್ಳಬೇಕು?” ಇದಕ್ಕೆ ನಮ್ಮ ಬಳಗದಲ್ಲಿ ರೂಢಿಯಾಗಿರುವ ಉತ್ತರ: “ಮೂರು ತಿಂಗಳು ಏನನ್ನೂ ಕೊಳ್ಳಬೇಡಪ್ಪಾ; ಇದ್ದುದರಲ್ಲಿ ಬಾ, ಇಲ್ಲದುದನ್ನು ನಮ್ಮಿಂದ ಕೇಳಿ ತೆಗೆದುಕೋ.” ಈ ಉತ್ತರದಲ್ಲಿ ಜಿಪುಣತನವಿಲ್ಲ, ಅನುಭವವುಂಟು. ನಾನು ಈ ಕ್ರೀಡೆಗೆ ಬಂದ ಮೊದಲ ವರ್ಷ, ಊರಿನ ಒಂದು ಅಂಗಡಿಯಲ್ಲಿ, ಅಲ್ಲಿ ಉಳಿದಿದ್ದ ದೊಡ್ಡ ಅಳತೆಯ ಸೈಕಲ್ಲನ್ನು ನನ್ನ ಮೈಯಳತೆಗೆ ಸರಿಯೆಂದು ಹೇಳಿ ನನಗೆ ಮಾರಿದರು. ಹಣ ಹೋದುದಕ್ಕಿಂತ ಹೆಚ್ಚಾಗಿ, ಕೈಗಳನ್ನು ಅತಿಯಾಗಿ ಮುಂದಕ್ಕೆ ಚಾಚಿ ಸವಾರಿ ಮಾಡಿದುದರಿಂದ ಬೆನ್ನೂ ಕುತ್ತಿಗೆಯೂ ಹಿಡಿದುಕೊಂಡು ಐದು ತಿಂಗಳು ವ್ಯರ್ಥವಾದುವು. ಬಳಗದ ಹಿರಿಯರೊಬ್ಬರು ಒಂದು ದಿನ ಪಕ್ಕದಲ್ಲಿ ಸಾಗುತ್ತ ನನ್ನನ್ನು ದಿಟ್ಟಿಸಿ ನೋಡಿ, ಇಳಿಯುವಂತೆ ಹೇಳಿ, ತಮ್ಮ ಜೇಬಿನಿಂದ ದರ್ಜಿಯ ಟೇಪನ್ನು ತೆಗೆದರು. ಅಂದಿನಿಂದ ಅಳತೆಯಿಲ್ಲದೆ ಯಾವುದನ್ನೂ ಕೊಳ್ಳಬಾರದೆಂಬುದು ನನಗೆ ವ್ರತವಾಯಿತು.

ಸೈಕಲ್ಲಿನ ವಿಷಯದಲ್ಲಿ ಮೊದಲು ನೋಡಬೇಕಾದುದು ಚೌಕಟ್ಟಿನ ಅಳತೆ. ಅದು ಉಕ್ಕಿನದೋ ಅಲ್ಯುಮಿನಿಯಮಿನದೋ ಕಾರ್ಬನ್ನಿನದೋ ಎಂಬ ಪ್ರಶ್ನೆ ಆಮೇಲಿನದು. ಸೀಟಿನ ಎತ್ತರವನ್ನು ಗೊತ್ತುಮಾಡಲು ನಮ್ಮ ಹಿರಿಯರು ಬಳಸುವ ಸರಳವಾದ ಉಪಾಯವೆಂದರೆ, ಗೋಡೆಗೆ ಆನಿಸಿದ ಸೈಕಲ್ಲಿನ ಮೇಲೆ ಕುಳಿತು, ಪೆಡಲು ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡುವುದು. ಆಗ ಕಾಲು ನೆಟ್ಟಗಾದರೆ, ಅಂಗಾಲಿನ ಮುಂಭಾಗದಿಂದ ತುಳಿಯುವಾಗ ಮೊಳಕಾಲಿನಲ್ಲಿ ಬೇಕಾದಷ್ಟೇ ಬಾಗು ಉಳಿಯುತ್ತದೆ. ಎರಡನೆಯದು ಗೇರಿನ ವಿಚಾರ. ಬಯಲುನಾಡಿನಲ್ಲಿ ಓಡಿಸುವವರ ಹಲ್ಲಿನ ಲೆಕ್ಕ ನಮಗೆ ಒದಗುವುದಿಲ್ಲ: ಸುಮಾರು 560 ಮೀಟರ್ ಎತ್ತರದ ಪುಣೆಯಿಂದ ಸುಮಾರು 1,300 ಮೀಟರಿನ ಸಿಂಹಗಡಕ್ಕೆ ಏರುವವನಿಗೆ ಮುಂದೆ 34 ಹಲ್ಲಿನ ಚಿಕ್ಕ ಚಕ್ರವೂ ಹಿಂದೆ 32 ಅಥವಾ 34 ಹಲ್ಲಿನ ದೊಡ್ಡ ಚಕ್ರವೂ ಇದ್ದರೆ ಮೊಳಕಾಲು ಉಳಿಯುತ್ತದೆ. ಟಯರಿನ ವಿಷಯದಲ್ಲಿ ನಾನು 28 ಮಿಲಿಮೀಟರ್ ಅಗಲದ ಪಕ್ಷದವನು; ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳ ಸ್ಥಿತಿಯನ್ನು ಬಲ್ಲವರಾರೂ ಇದಕ್ಕಿಂತ ಸಣ್ಣದನ್ನು ಶಿಫಾರಸು ಮಾಡಲಾರರು. ಹ್ಯಾಂಡಲಿನ ಮೇಲೆ ಮುಂದಕ್ಕೆ ಚಾಚುವ ಏರೋಬಾರುಗಳನ್ನು ಗುಂಪಿನ ಸವಾರಿಯಲ್ಲಿ ಹಿಡಿಯಲಾಗದೆಂಬ ಕಟ್ಟುನಿಟ್ಟು ನಮ್ಮಲ್ಲಿ ಉಂಟು, ಏಕೆಂದರೆ ಆಗ ಕೈಗಳು ಬ್ರೇಕಿನಿಂದ ದೂರವಿರುತ್ತವೆ. ಹೆಲ್ಮೆಟ್ಟು ಮಾತ್ರ ಎರವಲು ಪಡೆಯಬಾರದ ವಸ್ತು. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸೋತಿರುವುದರಿಂದ ಅದನ್ನು ಎಸೆಯಲೇಬೇಕು.

ಹಳೆಯ ಸೈಕಲ್ಲುಗಳನ್ನು ನೋಡಬಯಸುವವರು ಕರ್ವೆನಗರದಲ್ಲಿರುವ ವಿಕ್ರಮ ಪೆಂಡಸೆಯವರ ಸೈಕಲ್ ಸಂಗ್ರಹಾಲಯಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧದ ಪ್ಯಾರಾಟ್ರೂಪರ್ ಸೈನಿಕರಿಗಾಗಿ ನಡುವೆ ಮಡಚುವಂತೆ ರಚಿಸಿದ ಬಿಎಸ್‌ಎ ಸೈಕಲ್ಲನ್ನು ಕಂಡಾಗ, ಪ್ರಯೋಜನವನ್ನು ಮೊದಲು ನಿಶ್ಚಯಿಸಿ ಆಮೇಲೆ ರೂಪವನ್ನು ಕೊಟ್ಟವರ ಬುದ್ಧಿಗೆ ಯಾರಾದರೂ ತಲೆದೂಗುವರು.

ನೀರಿನ ಸಾಧನಗಳಲ್ಲಿ ಹೇಳಬೇಕಾದುದು ಸ್ವಲ್ಪ. ಶೀತದೇಶದವರು ತೊಡುವ ರಬ್ಬರಿನ ವೆಟ್‌ಸೂಟು ಗೋವೆಯ ಅಕ್ಟೋಬರ್ ತಿಂಗಳ ಬೆಚ್ಚನೆಯ ಕಡಲಿಗೆ ಬೇಡ. ನೀರಿನ ಉಷ್ಣತೆ ಗೊತ್ತಾದ ಮಿತಿಯನ್ನು ಮೀರಿದಾಗ ಅದನ್ನು ಸ್ಪರ್ಧೆಯ ನಿಯಮವೇ ನಿಷೇಧಿಸುತ್ತದೆ. ಗಾಗಲ್ಸನ್ನು ಪಟ್ಟಿ ಎಳೆಯದೆ ಕಣ್ಣಿಗೆ ಒತ್ತಿದಾಗ ಕ್ಷಣಕಾಲ ತಾನೇ ಅಂಟಿ ನಿಂತರೆ ಅದು ನಿಮ್ಮ ಮುಖದ್ದು. ಇಲ್ಲವಾದರೆ ಬೆಲೆ ಎಷ್ಟಿದ್ದರೂ ನಿಮ್ಮದಲ್ಲ. ಐವತ್ತು ಮೀಟರಿನ ಕೊಳದಲ್ಲಿ 38 ಉದ್ದಗಳನ್ನು ನಿಲ್ಲದೆ ಈಜಿದವನು ಅರ್ಧ ಐರನ್‌ಮನ್ನಿನ 1.9 ಕಿಲೋಮೀಟರಿನ ದೂರಕ್ಕೆ ಸಿದ್ಧನೆಂದು ತಿಳಿಯಬಹುದು. ಆದರೆ ಆ ಧೈರ್ಯದಿಂದ ಖಡಕವಾಸಲಾದ ನೀರಿಗೆ ಒಬ್ಬರೇ ಇಳಿಯಬೇಡಿರೆಂದು ಕೈಮುಗಿದು ಬೇಡುತ್ತೇನೆ: ಅದು ಊರಿಗೆ ಕುಡಿಯುವ ನೀರು, ಅಲ್ಲಿ ಮುಳುಗಿದ ಮಕ್ಕಳ ಸುದ್ದಿ ಬೇಸಗೆಯಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಬೂಟಿನ ವಿಚಾರಕ್ಕೆ ಬಂದಾಗ ಮನಸ್ಸು ಮತ್ತೆ ಚೌಗುಲೆಯ ಪೀಳಿಗೆಯ ಬರಿಗಾಲಿಗೇ ಹೋಗುತ್ತದೆ. 1960ರಲ್ಲಿ ಇಥಿಯೋಪಿಯದ ಅಬೇಬೆ ಬಿಕಿಲ ರೋಮಿನ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಓಡಿ ಚಿನ್ನ ಗೆದ್ದನು. ಇಂದು ಬೂಟಿನ ಅಟ್ಟೆಯೊಳಗೆ ಕಾರ್ಬನ್ನಿನ ಪಟ್ಟಿಯನ್ನು ಹುದುಗಿಸುತ್ತಾರೆ; ಅಟ್ಟೆಯ ದಪ್ಪ 40 ಮಿಲಿಮೀಟರನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯೇ ನಿಯಮ ಮಾಡಬೇಕಾಗಿ ಬಂದಿದೆ. ಹೊಲದಲ್ಲಿ ಬೆಳೆದ ಪಾದಕ್ಕೂ ಕಚೇರಿಯ ಕುರ್ಚಿಯಲ್ಲಿ ಬೆಳೆದ ಪಾದಕ್ಕೂ ಅಂತರವುಂಟಾದುದರಿಂದ ನಮ್ಮಲ್ಲಿ ಯಾರಿಗೂ ನಾನು ಬರಿಗಾಲನ್ನು ಬೋಧಿಸುವುದಿಲ್ಲ. ಸಂಜೆಯ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಅಂಗಡಿಗೆ ಹೋಗಿರಿ. ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಸ್ಥಳವಿರಲಿ. ಕೊಂಡ ದಿನಾಂಕವನ್ನು ಬೂಟಿನ ಒಳಗೆ ಬರೆದು, 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಅದಕ್ಕೆ ವಿಶ್ರಾಂತಿ ಕೊಡಿರಿ. ಸೈಕಲ್ಲಿನಿಂದ ಇಳಿದ ಕೂಡಲೆ ಓಡುವ ಅಭ್ಯಾಸವನ್ನು, ಎಲ್ಲರೂ ಬ್ರಿಕ್ ಎಂದು ಕರೆಯುವುದನ್ನು, ಹೊಸ ಬೂಟಿನಲ್ಲಿ ಎಂದೂ ಆರಂಭಿಸಬೇಡಿರಿ. ಮರಗಟ್ಟಿದ ತೊಡೆಗೆ ಪಾದದ ನೋವು ಆ ಹೊತ್ತಿನಲ್ಲಿ ತಿಳಿಯುವುದಿಲ್ಲ.

ನಮ್ಮ ಬಳಗದ ಅತ್ಯಂತ ಹಳೆಯ ಆಸ್ತಿ ಒಂದು ಕೈಬರಹದ ಪುಸ್ತಕ. ಯಾರು ಯಾರಿಂದ ಯಾವ ಅಳತೆಯ ಸೈಕಲ್ಲನ್ನು, ಪಂಪನ್ನು, ಪ್ರಯಾಣದ ಪೆಟ್ಟಿಗೆಯನ್ನು ಎರವಲು ಪಡೆದರು, ಯಾವ ದಿನ ಹಿಂದಿರುಗಿಸಿದರು ಎಂಬುದು ಅದರಲ್ಲಿ ಕನ್ನಡ ಮರಾಠಿಗಳೆರಡರಲ್ಲೂ ದಾಖಲಾಗಿದೆ. ಅದೇ ಪುಸ್ತಕದ ಹಿಂಭಾಗದಲ್ಲಿ ಪ್ರತಿಯೊಬ್ಬನ ಮೊದಲ ಸಾವಿರ ಮೀಟರ್ ಈಜಿನ ಕಾಲ, ಮೊದಲ ಸಿಂಹಗಡದ ಏರಿನ ಕಾಲ ಉಂಟು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಗಡವನ್ನು ಹತ್ತಿದ ನಮ್ಮ ಅಕ್ಕನವರೊಬ್ಬರು ಎರಡು ವರ್ಷದ ಮೇಲೆ ಅದೇ ಏರನ್ನು ಒಂದು ಗಂಟೆಯೊಳಗೆ ಮುಗಿಸಿದುದನ್ನು ಓದುವಾಗ, ಯಾವ ಕ್ರೀಡಾಗ್ರಂಥವನ್ನು ಓದಿದಾಗಲೂ ಆಗದ ಸಂತೋಷ ನನಗೆ ಆಗುತ್ತದೆ.

ಓದುಗರಲ್ಲಿ ಒಂದು ಬಿನ್ನಹ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಪುಣೆಗೆ ಬಂದು ನೆಲಸಿದ ಮನೆತನಗಳಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲಿ, ಜಿಮ್ಖಾನಾದ ಹಳೆಯ ಓಟದ ಪದಕವೋ, ಸೈಕಲ್ ಪಂದ್ಯದ ಎದೆಬಿಲ್ಲೆಯೋ, ಕೊಳದ ಮೆಟ್ಟಿಲ ಮೇಲೆ ತೆಗೆಸಿದ ಗುಂಪಿನ ಚಿತ್ರವೋ ಇದ್ದರೆ, ಅದನ್ನು ಗುಜರಿಗೆ ಹಾಕದೆ, ಹಿಂದೆ ಹೆಸರನ್ನೂ ವರ್ಷವನ್ನೂ ಪೆನ್ಸಿಲಿನಿಂದ ಬರೆದು, ಈ ಸಂಚಿಕೆಯ ಸಂಪಾದಕರಿಗೆ ಒಂದು ಪ್ರತಿಯನ್ನು ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಹಾಗೆಯೇ ಮಕ್ಕಳು ಬೆಳೆದು ಸಣ್ಣದಾಗಿ ಮೂಲೆ ಸೇರಿದ ಸೈಕಲ್ಲುಗಳಿದ್ದರೆ ಅವನ್ನೂ ನಮಗೆ ಕೊಡಿರಿ; ಈ ವರ್ಷ ಬಳಗಕ್ಕೆ ಸೇರಿರುವ ಎಂಟು ಹುಡುಗಿಯರಲ್ಲಿ ಐವರಿಗೆ ಸ್ವಂತ ಸೈಕಲ್ಲಿಲ್ಲ.